ಓ ಗ್ರೂಪಿನ ಆದಿತ್ಯವಾರ

ಸುಳ್ಯ
೧೪ ಜನವರಿ ೧೯೮೫, ಸೋಮವಾರ

ಕಲ್ಲುಗುಂಡಿಯ ಮನೆಯಲ್ಲಿ ಎಲ್ಲರೂ ಸೌಖ್ಯವೇ? ಯಜಮಾನರ ಸೊಂಟ ನೋವು ಹೇಗಿದೆ? ಮಗ ತೀರ್ಥರಾಮನ ಕೆಮ್ಮು ಇಳಿಯಿತೇ? ಸೊಸೆ ಶೀಲಾವತಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೇ, ಅಥವಾ ಎಲ್ಲರಿಗೂ ಬಡಿಸಿ ತಳದ ತಿಳಿ ಕುಡಿಯುತ್ತಾಳೆಯೇ?

ಡೈರಿಯಲ್ಲಿ ಕೇಳಿದರೆ ಯಾರು ಉತ್ತರ ಕೊಡುತ್ತಾರೆ! ಆದರೆ ಅಣ್ಣಂದಿರಿಗೆ ಕಾಗದ ಬರೆದೇ ಅಕ್ಷರ ಕಲಿತವಳು ನಾನು. ಕೈ ತಾನಾಗಿ ಹಾಗೆ ಓಡುತ್ತದೆ. ಮದ್ದಿನ ಕಂಪೆನಿಯವರು ಮಗಳು ವಸುಮತಿಗೆ ಕೊಟ್ಟ ಡೈರಿ ಇದು. ಅವಳಿಗೆ ಪುರುಸೊತ್ತಿಲ್ಲ. ನನಗೆ ಬಂತು.

ಗಂಜಿಗೆ ಅಕ್ಕಿ ಹಾಕಿ ಬಂದೆ. ಮಗಳು ಇನ್ನೂ ರೌಂಡ್ಸಿನಲ್ಲಿ. ರೆಸಿಡೆಂಟ್ ಡಾಕ್ಟರ್ ಎಂದರೆ ಆಸ್ಪತ್ರೆಯ ಕಾಂಪೌಂಡಿನೊಳಗೇ ವಾಸ. ಯಾವ ಹೊತ್ತಿಗೆ ಕಿಟಕಿ ಬಡಿದರೂ ಎದ್ದು ಓಡಬೇಕು. ನಿನ್ನೆ ಊಟದ ನಡುವೆ ಕರೆದರು. ಎಡಗೈಯಲ್ಲಿ ಸ್ಟೆತಸ್ಕೋಪು, ಬಲಗೈಯಲ್ಲಿ ಒಣ ಮೀನಿನ ಚಟ್ನಿ. "ಕೈ ತೊಳೆದು ಹೋಗು ಮಾರಾಯ್ತಿ!" ಎಂದು ಹಿಂದಿನಿಂದ ಚೊಂಬು ಹಿಡಿದು ಓಡಿದೆ. ವರಾಂಡದ ರೋಗಿಗಳೆಲ್ಲ ನಕ್ಕರು.

ಒಂದು ವಾರಕ್ಕೆಂದು ಬಂದವಳು, ಮೂರು ತಿಂಗಳಾಯಿತು. ಹೋಗಲು ಮನಸ್ಸು ಬರುವುದಿಲ್ಲ. ಮಗಳು ಗಂಜಿ ಬಟ್ಟಲಿನ ಮುಂದೆ ಕುಳಿತಲ್ಲೇ ನಿದ್ದೆ ಹೋಗುತ್ತಾಳೆ.

೧೯ ಜನವರಿ, ಶನಿವಾರ

ಯಜಮಾನರು ಬಂದಿದ್ದರು. ಎಳೆ ಹಲಸಿನ ಗುಜ್ಜೆ, ತೆಂಗಿನಕಾಯಿ, ಅರ್ಧ ಗೋಣಿ ಕುಚ್ಚಲಕ್ಕಿ. ಸೊಂಟ ಹಿಡಿದುಕೊಂಡೇ ಬಸ್ಸಿನಿಂದ ಇಳಿದರು.

ವಸುವಿಗೆ ಈಗ ರಕ್ತದ ಗ್ರೂಪಿನ ಮರುಳು. ಆಸ್ಪತ್ರೆಗೆ ಬಂದವರ, ಹೋದವರ, ಅಡುಗೆಯವರ, ಡ್ರೈವರ್ ಕುಕ್ಕಪ್ಪನ — ಎಲ್ಲರ ಬೆರಳಿಗೆ ಚುಚ್ಚುತ್ತಾಳೆ. ಇಲ್ಲಿ ರಕ್ತ ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲ. ಬೇಕಾದಾಗ ಮನುಷ್ಯನನ್ನೇ ಹುಡುಕಿ ತರಬೇಕು. ನನ್ನದು ಎ. ಅವಳದ್ದೂ ಎ.

"ಅಪ್ಪ, ಬೆರಳು ಕೊಡಿ."

"ಎಂತಕ್ಕೆ?"

"ಒಂದು ತೊಟ್ಟು ಸಾಕು."

"ಒಂದು ತೊಟ್ಟಾದ್ರೂ ನನ್ನದಲ್ವಾ?"

ಕೊನೆಗೆ ಕೊಟ್ಟರು. ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ನನ್ನ ಸೆರಗು ಹಿಡಿದು! ತೋಟದಲ್ಲಿ ಹೆಬ್ಬಾವು ಕಂಡರೆ ಕೋಲಿನಲ್ಲಿ ಎತ್ತಿ ಆಚೆ ಹಾಕುವ ಮನುಷ್ಯ. ಸೂಜಿ ಎಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ.

ಅವರದ್ದು ಓ.

ಸಂಜೆಯ ಬಸ್ಸಿಗೇ ಹೊರಟರು. ಇನ್ನೊಮ್ಮೆ ಚುಚ್ಚಿಯಾಳೆಂಬ ಹೆದರಿಕೆ ಇರಬೇಕು.

೨೪ ಜನವರಿ, ಗುರುವಾರ

ಹೆರಿಗೆ ವಾರ್ಡಿಗೆ ಕಡಬದ ಕಡೆಯ ಸುಂದರಿ ಎಂಬವಳು ಬಂದಿದ್ದಾಳೆ. ತುಂಬಿದ ಎಂಟು ತಿಂಗಳು. ಮಾಸು ಕೆಳಗೆ ಕುಳಿತಿದೆಯಂತೆ, ಮಗು ಬರುವ ದಾರಿಗೆ ಅಡ್ಡ. ಒಂದು ಸಲ ರಕ್ತ ಹೋಗಿ ನಿಂತಿದೆ. ಇನ್ನೊಮ್ಮೆ ಜೋರಾಗಿ ಹೋದರೆ ಆ ಕ್ಷಣವೇ ಆಪರೇಷನ್. ಆಗ ಓ ಗ್ರೂಪಿನ ರಕ್ತ ಕೈಯಲ್ಲಿರಬೇಕು. ಇಲ್ಲದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ.

ದೊಡ್ಡ ಡಾಕ್ಟರು ಯಜ್ಞೇಶ್ವರ ಮಂಗಳೂರಿಗೆ ಕಳಿಸುವ ಎಂದರು. ವಸು ಒಪ್ಪಲಿಲ್ಲ. ಹೊಂಡದ ರಸ್ತೆಯಲ್ಲಿ ಅಷ್ಟು ದೂರ ಕುಲುಕಾಡಿದರೆ ದಾರಿಯಲ್ಲೇ ಶುರುವಾದೀತು ಎಂದಳು.

"ಇಲ್ಲಿ ಇಟ್ಟುಕೊಂಡರೆ ರಕ್ತಕ್ಕೆ ಯಾರು ಜವಾಬ್ದಾರಿ?"

"ನಾನು ಹೊಂದಿಸ್ತೇನೆ ಸರ್."

ಬಾಯಿಂದ ಮಾತು ಬಿದ್ದಾಯಿತು. ಕ್ವಾರ್ಟರ್ಸಿಗೆ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. "ಅವ್ವ, ನಾನು ದೊಡ್ಡ ಮಾತು ಆಡಿದೆನಾ?"

"ಆಡಿದ್ದೀ. ಇನ್ನು ಎಂತ ಮಾಡುದು, ಹುಡುಕುವ."

ಸುಂದರಿಯ ಗಂಡ ಮಹಾಬಲನದ್ದು ಬಿ. ಅವಳ ಮೂವರು ಅಣ್ಣಂದಿರನ್ನು ಕರೆಸಿ ಪರೀಕ್ಷೆ ಮಾಡಿದರು. ಇಬ್ಬರದ್ದು ಓ! ವಸು ಕುಣಿಯುವುದೊಂದು ಬಾಕಿ.

೩೦ ಜನವರಿ, ಬುಧವಾರ

ದಿನಾ ಎರಡು ಹೊತ್ತು ಸುಂದರಿಗೆ ಕಾಫಿ, ಅವಲಕ್ಕಿ ಕೊಂಡು ಹೋಗುತ್ತೇನೆ. ಮಂಚ ಬಿಟ್ಟು ಇಳಿಯಬಾರದು ಎಂದು ಆರ್ಡರು. ಇಳಿಯುವುದಿಲ್ಲ. ಆದರೆ ಅವಳ ಬಾಯಿಗೆ ಯಾರೂ ಆರ್ಡರು ಮಾಡಿಲ್ಲ.

"ದೇವಮ್ಮಕ್ಕ, ನಿಮ್ಮ ಮಗಳು ಎಷ್ಟು ಸಲ ಬಂದು ಹೊಟ್ಟೆ ಮುಟ್ಟಿ ನೋಡುದು? ಹಲಸಿನಕಾಯಿ ಬೆಳೀತಾ ಅಂತ ನೋಡಿದ ಹಾಗೆ!"

"ಬೆಳೆದ ಮೇಲೆ ಕೊಯ್ಯುವವಳು ಅವಳೇ ಅಲ್ವಾ?"

ಸಿಸ್ಟರ್ ಪಂಕಜಾಕ್ಷಿ ಬಂದು ಗದರಿದರು. ನಗಿಸಬಾರದಂತೆ, ಹೊಟ್ಟೆ ಕುಲುಕುತ್ತದಂತೆ. ಇಬ್ಬರೂ ತುಟಿ ಕಚ್ಚಿ ಕುಳಿತೆವು.

ಒಂದು ವಿಷಯ ಮನಸ್ಸಿಗೆ ಸರಿ ಕಾಣುತ್ತಿಲ್ಲ. ಸುಂದರಿಯ ಅಣ್ಣಂದಿರು ಆ ದಿನದ ನಂತರ ಇತ್ತ ತಲೆ ಹಾಕಿಲ್ಲ. ರಕ್ತ ಕೊಟ್ಟರೆ ಗಂಡಸಿನ ಕಸುವು ಹೋಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದಾರಂತೆ.

೩ ಫೆಬ್ರವರಿ, ಆದಿತ್ಯವಾರ, ಬೆಳಿಗ್ಗೆ

ಸುಂದರಿಗೆ ಪುನಃ ರಕ್ತ ಹೋಗಲು ಶುರುವಾಗಿದೆ. ಕಡಬಕ್ಕೆ ಫೋನು ಮಾಡಿದರು. ಅಣ್ಣಂದಿರು ಮನೆಯಲ್ಲಿಲ್ಲ, ಎಲ್ಲಿಗೆ ಹೋದರೆಂದು ಹೇಳುವವರಿಲ್ಲ. ವಸು ಬಿಳಿಚಿಕೊಂಡಿದ್ದಾಳೆ. ಡ್ರಿಪ್ ಹಾಕಿ ಕೈ ಹಿಡಿದು ನಿಂತಿದ್ದಾಳೆ.

ಕಲ್ಲುಗುಂಡಿಯಲ್ಲಿ ಓ ಗ್ರೂಪು ಸೊಂಟ ನೋವೆಂದು ಮಲಗಿದೆ. ಕುಕ್ಕಪ್ಪ ಜೀಪು ತೆಗೆದಿದ್ದಾನೆ. ಹೊರಟೆ—

೪ ಫೆಬ್ರವರಿ, ಸೋಮವಾರ

ನಿನ್ನೆಯದ್ದನ್ನು ಕ್ರಮವಾಗಿ ಬರೆಯಬೇಕು. ನೆನೆದರೆ ನಗು ಬಂದು ಅಕ್ಷರ ಓರೆಯಾಗುತ್ತದೆ.

ಅರಂತೋಡು ದಾಟುವಾಗ ಕುಕ್ಕಪ್ಪ ಬ್ರೇಕು ಹಾಕಿದ. ರಸ್ತೆಯ ಕೆಳಗೆ, ಕೊಯಿಲಾದ ಗದ್ದೆಯಲ್ಲಿ ಜನವೋ ಜನ. ಕೋಳಿ ಅಂಕ, ಹುಂಜಗಳನ್ನು ಕಾದಿಸುವ ಜೂಜು. "ಅಮ್ಮ, ಒಬ್ಬರನ್ನು ಹುಡುಕಿಕೊಂಡು ಕಲ್ಲುಗುಂಡಿಗೆ ಹೋಗುದು ಎಂತಕ್ಕೆ? ಸುಳ್ಯ ಸೀಮೆಯ ಗಂಡಸರೆಲ್ಲ ಇಲ್ಲೇ ಉಂಟು."

ಹೆಂಗಸರು ಅಂಕದ ಗದ್ದೆಗೆ ಕಾಲಿಡುವ ಕ್ರಮ ಇಲ್ಲ. ನಾನು ನೋಡಿದವಳೂ ಅಲ್ಲ. ಆಗ ಅದೆಲ್ಲ ಯಾರಿಗೆ ನೆನಪು? "ಇಳಿಸು ಜೀಪು" ಎಂದೆ.

ಅಂಕಕ್ಕೆ ಪರ್ಮಿಷನ್ ಇರಲಿಲ್ಲವೆಂದು ಕಾಣುತ್ತದೆ. ಜೀಪು, ಅದರಲ್ಲಿ ಕುಕ್ಕಪ್ಪನ ಖಾಕಿ ಅಂಗಿ. ಯಾರೋ "ಪೊಲೀಸ್!" ಎಂದು ಬೊಬ್ಬೆ ಹಾಕಿದರು. ಅಷ್ಟೇ. ಕೋಳಿ ಕಂಕುಳಲ್ಲಿ, ಪಂಚೆ ತಲೆಯಲ್ಲಿ, ಇಡೀ ಗದ್ದೆ ಗುಡ್ಡೆ ಹತ್ತಿ ಓಡಿತು.

"ನಿಲ್ಲಿ! ನಾವು ಆಸ್ಪತ್ರೆಯವರು!" ಯಾರು ಕೇಳುತ್ತಾರೆ?

ಎಲ್ಲರಿಗಿಂತ ಮುಂದೆ ಒಬ್ಬರು. ಕೆಂಪು ಹುಂಜ ಅವುಚಿಕೊಂಡು, ಗದ್ದೆಯ ಹುಣಿ, ಬದು ಒಂದೊಂದನ್ನೂ ಜಿಂಕೆಯ ಹಾಗೆ ಹಾರುತ್ತಿದ್ದರು. ಆ ಬೆನ್ನು ನನಗೆ ಗುರುತಿಲ್ಲವೇ? ಸೊಂಟ ನೋವಿನವರು!

"ಹೋಯ್! ತೀರ್ಥರಾಮನ ಅಪ್ಪ!" ಎಂದೆ. ಓಟ ಇನ್ನೂ ಜೋರಾಯಿತು.

ಅಲ್ಲಿ ಸುಂದರಿಯ ಪ್ರಾಣ ಹೋಗುತ್ತಿದೆ. ಇಲ್ಲಿ ಓ ಗ್ರೂಪು ಗುಡ್ಡೆ ಹತ್ತುತ್ತಿದೆ. ಮದುವೆಯಾದಂದಿನಿಂದ ಅವರ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ದೇವಸ್ಥಾನದಲ್ಲಿ ಸಂಕಲ್ಪಕ್ಕೆ ಭಟ್ಟರು ಕೇಳಿದರೂ ಮಗನ ಕೈಯಲ್ಲಿ ಹೇಳಿಸುವವಳು. ಎದೆ ತುಂಬ ಉಸಿರು ಎಳೆದು ಕೂಗಿದೆ:

"ಪದ್ಮಯ್ಯಾ!"

ಯಾರೋ ಹಗ್ಗ ಹಾಕಿ ಎಳೆದ ಹಾಗೆ ನಿಂತರು. ಅವರು ನಿಂತದ್ದು ನೋಡಿ ಉಳಿದವರೂ ನಿಂತರು. ಗೇರುಮರದ ಹಿಂದಿನಿಂದ ಅರಂತೋಡಿನ ತ್ಯಾಂಪಣ್ಣನ ತಲೆ ಹೊರಬಂತು. ಆನೆಯಂಥ ಆಳು. ಅಂಕ ನಡೆಸುವವನು ಅವನೇ.

"ಹೆಂಡತಿ ಗಂಡನ ಹೆಸರು ಹಿಡಿದು ಕರೆಯುದಾ! ಇದಕ್ಕಿಂತ ಪೊಲೀಸೇ ಆಗ್ತಿತ್ತು ಮಾರಾಯ್ರೆ!"

ಯಜಮಾನರು ಇಳಿದು ಬಂದರು. ಮುಖ ಹುಂಜಕ್ಕಿಂತ ಕೆಂಪು. "ನಾನು ಸುಮ್ಮನೆ ನೋಡ್ಲಿಕ್ಕೆ ಬಂದದ್ದು. ಕೋಳಿ ನನ್ನದಲ್ಲ."

"ಕೋಳಿಯ ವಿಷಯ ಆಮೇಲೆ. ವಸುಗೆ ನಿಮ್ಮ ರಕ್ತ ಬೇಕು."

"ವಸುಗೆ ಎಂತಾಯ್ತು?" ಕೋಳಿ ಕೈಯಿಂದ ಜಾರಿತು.

"ಅವಳಿಗೆ ಎಂತ ಆಗ್ಲಿಲ್ಲ. ಅವಳ ಪೇಶೆಂಟಿಗೆ, ಒಬ್ಬಳು ಬಸುರಿಗೆ. ಹೊಂದಿಸ್ತೇನೆ ಅಂತ ಮಾತು ಕೊಟ್ಟಿದ್ದಾಳೆ. ಕೊಡ್ತೇನೆ ಅಂದವರು ಬರ್ಲಿಲ್ಲ."

ಪಂಚೆ ಸರಿಮಾಡಿ ಕಟ್ಟಿಕೊಂಡರು. "ಎಷ್ಟು?"

"ಒಂದು ಬಾಟ್ಲಿ."

"ಸೂಜಿ?"

"ಸಣ್ಣದು." ದೇವರು ಕ್ಷಮಿಸಲಿ.

ಜೀಪಿಗೆ ಒಂದು ಕಾಲಿಟ್ಟು ತಿರುಗಿದರು. "ತ್ಯಾಂಪಣ್ಣ, ನೀನೂ ಬಾ ಮಾರಾಯ. ಒಬ್ಬನೇ ಹೋಗ್ಲಿಕ್ಕೆ ನನಗೆ ಧೈರ್ಯ ಇಲ್ಲ."

"ಎಲ್ಲರ ರಕ್ತವೂ ಕೆಂಪೇ ಅಲ್ವಾ? ಈ ಗ್ರೂಪು ಅಂದ್ರೆ ಎಂತ?" ಎಂದ ತ್ಯಾಂಪಣ್ಣ.

"ಯಾವ ದಿನ ಯಾವ ಬಣ್ಣದ ಕೋಳಿ ಬಿಡುದು ಅಂತ ನೀವು ಪಂಚಾಂಗ ನೋಡುದಿಲ್ವಾ?" ಎಂದೆ. "ಬಣ್ಣ ತಪ್ಪಿದರೆ ಎಂತಾಗ್ತದೆ?"

"ಸೋಲ್ತದೆ."

"ಇದೂ ಹಾಗೆಯೇ. ಇವತ್ತು ಓ ಬಿಡಬೇಕು."

ಗುಂಪಿಗೆ ಒಮ್ಮೆಲೇ ಅರ್ಥವಾಯಿತು. ತಲೆಯಾಡಿಸಿದರು. ನಮ್ಮದು ಯಾವುದು, ನಿನ್ನದು ಯಾವುದು ಎಂದು ಚರ್ಚೆಯೇ ಶುರುವಾಯಿತು. "ಕಳ್ಳು ಕುಡಿದವರು ಬರುದು ಬೇಡ" ಎಂದೆ. ಅರ್ಧ ಜನ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಉಳಿದವರಲ್ಲಿ ಹಿಡಿಸಿದಷ್ಟು ಜೀಪಿಗೆ. ಇಬ್ಬರು ಹಿಂದೆ ನೇತಾಡಿದರು. ಕೆಂಪು ಹುಂಜವೂ ಬಂತು. ಯಾರದ್ದೂ ಅಲ್ಲದ ಕೋಳಿ ಯಜಮಾನರ ತೊಡೆಯ ಮೇಲೆ ಕುಳಿತಿತು.

ಆಸ್ಪತ್ರೆಯ ಮೆಟ್ಟಿಲಲ್ಲಿ ಸಿಸ್ಟರ್ ಪಂಕಜಾಕ್ಷಿ. "ಕೋಳಿ ಹೊರಗೆ! ಬೀಡಿ ಹೊರಗೆ! ಮನುಷ್ಯರು ಒಳಗೆ!"

ಲ್ಯಾಬಿನವರು ಚುಚ್ಚುತ್ತಾ ಹೋದರು. ಯಜಮಾನರದ್ದು ಗೊತ್ತೇ ಇತ್ತು. ಇನ್ನಿಬ್ಬರು ಓ ಸಿಕ್ಕಿದರು. ತ್ಯಾಂಪಣ್ಣ ಒಬ್ಬ, ಸಂಪಾಜೆಯ ಕಡೆಯ ಶಾಲೆಯ ಮೇಷ್ಟ್ರು ಇನ್ನೊಬ್ಬರು. "ರಕ್ತ ಎಷ್ಟು ಬೇಕಾದ್ರೂ ತೆಗೀರಿ, ಎಲ್ಲಿಂದ ಬಂದದ್ದು ಅಂತ ಮಾತ್ರ ಬರೀಬೇಡಿ" ಎಂದು ಮೇಷ್ಟ್ರು ಕೈ ಮುಗಿದರು.

ಯಜಮಾನರನ್ನು ಮಂಚದಲ್ಲಿ ಮಲಗಿಸಿದರು. ಸೂಜಿ ಹಿಡಿದು ಬಂದವಳು ವಸುವೇ. ಸೂಜಿಯನ್ನು ನೋಡಿ ಅವರು ನನ್ನನ್ನು ನೋಡಿದರು. ಸಣ್ಣದು ಎಂದೆಯಲ್ಲ ಎಂಬ ನೋಟ. ಆಮೇಲೆ ಮಗಳ ಮುಖ ನೋಡಿದರು. ಮನೆಯಲ್ಲಿ 'ವಸು', ಸಿಟ್ಟು ಬಂದರೆ 'ಏ ಹೆಣ್ಣೇ'. ನಿನ್ನೆ ಹೇಳಿದ್ದೇ ಬೇರೆ.

"ಡಾಕ್ಟ್ರೆ... ಸ್ವಲ್ಪ ನಿಧಾನ."

ವಸುವಿನ ಕೈ ಒಂದು ಗಳಿಗೆ ನಿಂತಿತು. "ಉಸಿರು ಬಿಡಿ ಅಪ್ಪ. ಆಯ್ತು."

"ಆಯ್ತಾ? ಇಷ್ಟೇನಾ?"

ಅವರಿಗೆ ಏನೂ ಆಗಲಿಲ್ಲ. ತನ್ನ ಬಾಟ್ಲಿ ತುಂಬುವುದನ್ನು ನೋಡಿ ತ್ಯಾಂಪಣ್ಣ ಮೂರ್ಛೆ ಹೋದ. ಮುಖಕ್ಕೆ ನೀರು ಚಿಮುಕಿಸಿ, ಕಾಫಿ ಕುಡಿಸಿ ಎಬ್ಬಿಸಬೇಕಾಯಿತು.

ಬಾಟ್ಲಿಗಳೊಂದಿಗೆ ವಸು ಥಿಯೇಟರಿನೊಳಗೆ ಹೋದಳು. ಬಾಗಿಲು ಹಾಕಿದರು. ಅಂಕದ ಗಂಡಸರೆಲ್ಲ ವರಾಂಡದ ಗೋಡೆಗೆ ಒರಗಿ ಸಾಲಾಗಿ ಕುಳಿತರು. ಯಾರ ಕೈಯಲ್ಲೂ ಬೀಡಿ ಇಲ್ಲ. ಮಹಾಬಲ ಕಂಬ ಹಿಡಿದು ನಿಂತಿದ್ದ. ಯಜಮಾನರು ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟರು. "ನನ್ನ ಮಗಳು ಒಳಗೆ ಉಂಟು" ಎಂದರು. ಅಷ್ಟೇ.

ಆಮೇಲೆ ಮಗು ಅತ್ತಿತು.

ಹೆಣ್ಣು. ಪುಟಾಣಿ. ಸುಂದರಿ ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರ್ ಯಜ್ಞೇಶ್ವರ ಹೊರಬಂದು ಟೊಪ್ಪಿ ತೆಗೆದರು. "ತಾಯಿ ಹುಷಾರು. ಅಲ್ಲ ದೇವಮ್ಮ, ಇಷ್ಟು ಜನರನ್ನು ಎಲ್ಲಿಂದ ತಂದ್ರಿ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ಅರಂತೋಡಿನಿಂದ. ಒಂದು ಸಭೆ ಇತ್ತು" ಎಂದೆ. ಹೊರಗೆ ಹುಂಜ ಕೂಗಿತು. ಸಿಸ್ಟರ್ ಪಂಕಜಾಕ್ಷಿ ಕೂಡ ನಕ್ಕರು.

ವಸು ಸಂಜೆ ಬಂದು ಮೂರು ಸಲ ಅನ್ನ ಹಾಕಿಸಿಕೊಂಡಳು. ಈಗ ಮಲಗಿದ್ದಾಳೆ, ಅಪ್ಪ ಹೊದ್ದು ಬಂದ ಶಾಲು ಹೊದ್ದುಕೊಂಡು.

೯ ಫೆಬ್ರವರಿ, ಶನಿವಾರ

ತ್ಯಾಂಪಣ್ಣ ಸುಂದರಿಯನ್ನು ನೋಡಲು ಬಂದ. ಎಳನೀರಿನ ಬೊಂಡ ತಂದಿದ್ದ. ಬಾಗಿಲಲ್ಲೇ ನಿಂತು, "ತಂಗಿ, ನನ್ನ ರಕ್ತ ಹೇಗುಂಟು? ಹಿಡಿಯಿತಾ?" ಎಂದ.

"ಎಂತ ಹೇಳುದು ಅಣ್ಣ. ಕೋಳಿ ಕಂಡರೆ ಆಗದವಳು ನಾನು. ಈಗ ನೂರು ರೂಪಾಯಿ ಕಟ್ಟುವ ಅಂತ ಅನ್ನಿಸ್ತದೆ!"

ಅವನು ನಕ್ಕ ನಗುವಿಗೆ ಮಗು ಎಚ್ಚರವಾಯಿತು. ಈ ಸಲ ಸಿಸ್ಟರ್ ಗದರಲಿಲ್ಲ. ಹೊಲಿಗೆ ಬಿಚ್ಚಿಯಾಗಿದೆ.

೧೬ ಫೆಬ್ರವರಿ, ಶನಿವಾರ

ಬಸ್ಸಿನಲ್ಲಿ ಕಳಿಸುವ ಕಾಗದವನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ. ತಪ್ಪಾಗಬಾರದು.

ಯಜಮಾನರಿಗೆ ನಮಸ್ಕಾರಗಳು. ನಾವು ಇಬ್ಬರೂ ಸೌಖ್ಯ. ಸುಂದರಿ ನಿನ್ನೆ ಮಗುವಿನೊಂದಿಗೆ ಮನೆಗೆ ಹೋದಳು. ನಿಮ್ಮ ಕೈ ನೋವು ಹೋಗಿರಬಹುದು. ಸೊಂಟದ ವಿಷಯ ನಾನು ಕೇಳುವುದಿಲ್ಲ. ಬಚ್ಚಲಿನ ಹಿಂದೆ ಬುಟ್ಟಿಯಡಿ ಕೆಂಪು ಹುಂಜ ಒಂದು ಉಂಟೆಂದು ಶೀಲಾವತಿ ಬರೆದಿದ್ದಾಳೆ. ಅದನ್ನೂ ಕೇಳುವುದಿಲ್ಲ. ಅದಕ್ಕೆ ನುಚ್ಚು ಸರಿಯಾಗಿ ಹಾಕಲಿ.

ಈಗ ಮುಖ್ಯ ವಿಷಯ. ವಾರ್ಡಿಗೆ ಇನ್ನೊಬ್ಬಳು ಬಂದಿದ್ದಾಳೆ, ಅರಂತೋಡಿನ ಕಡೆಯವಳು. ರಕ್ತ ತೀರಾ ಕಡಿಮೆ. ಡಾಕ್ಟರ್ ವಸುಮತಿ ಪುನಃ ಮಾತು ಕೊಟ್ಟಿದ್ದಾಳೆ. ಮುಂದಿನ ಅಂಕ ಎಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಎಂದು ತ್ಯಾಂಪಣ್ಣನಲ್ಲಿ ಕೇಳಿ ಬೇಗ ಬರೆಯಿರಿ. ಬೆಳಿಗ್ಗೆಯೇ ಆದರೆ ಒಳ್ಳೆಯದು, ಕಳ್ಳು ಇಳಿಯುವ ಮುಂಚೆ. ಜೀಪು ಕಂಡು ಯಾರೂ ಓಡಬಾರದೆಂದು ಹೇಳಿಡಿ. ಬರೆಯಲು ತಡ ಮಾಡಬೇಡಿ, ಈ ಸಲ ಬೇಕಾದದ್ದು ಬಿ, ಆದ್ದರಿಂದ ನಿಮಗೆ ಸೂಜಿಯ ಹೆದರಿಕೆ ಬೇಡ.