ಗೇಟಿನವರೆಗೂ ಬಂದು ಬೀಳ್ಕೊಟ್ಟದ್ದಕ್ಕೆ

ಪಾಲಿಂಗನ್
ಶನಿವಾರ, ಊಟದ ಹೊತ್ತು

ಮುದ್ದು ಮೆನಾಗೆ,

ನಿನ್ನ ಡೆನ್ಸಿಯೋ ಮಾವನ ಬಲಗೈ ಬರಹ ಟೀವಿಯಲ್ಲಿ ಬಂದಿದೆ. ಅದೇ ಕೈಯಿಂದ ನಿನಗೆ ಆಶೀರ್ವಾದ. ಮುಖ ಬರಲಿಲ್ಲ, ಅಕ್ಷರ ಮಾತ್ರ. ಆದರೆ ಇಡೀ ಮನಿಲಾ ನೋಡಿದೆ.

ಮೊದಲು ಮುಖ್ಯ ಮಾತು ಹೇಳಿಬಿಡುತ್ತೇನೆ, ಆಮೇಲೆ ಸಾವಕಾಶವಾಗಿ ಕೊಚ್ಚಿಕೊಳ್ಳುತ್ತೇನೆ. ಸೋಮವಾರ ಬೆಳಿಗ್ಗೆ ಪುರಸಭೆಯ ಅಂಗಳದಲ್ಲಿ ಬಾವುಟ ಏರಿದ ಮೇಲೆ ನಿನ್ನ ಮುಂದೆ ಒಂದು ಕಾಗದ ಹಿಡಿಯುತ್ತಾರೆ. ಊರೆಲ್ಲ ಗುಲ್ಲೆಬ್ಬಿಸಿದ ಆ ಸಂತಾಪ ಪತ್ರವನ್ನು ಮೇಯರ್ ಸಾಹೇಬರಿಗೆ ತಿಳಿಸದೆ ನೀನೇ ಬರೆದು ಕಳಿಸಿದೆ ಅಂತ ಅದರಲ್ಲಿದೆ. ಅದಕ್ಕೆ ಸಹಿ ಹಾಕಬೇಡ. ಹಾಕಿದರೆ ಅವರ ಸೆಕ್ರೆಟರಿಯಾಗಿ ಆರು ವರ್ಷ ತಾತ್ಕಾಲಿಕ ಅಂತ ದುಡಿದು ಈ ಜೂನ್‌ನಲ್ಲಿ ಖಾಯಂ ಆಗಬೇಕಿದ್ದ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ. ಹಾಕದೆ ಇರುವುದಕ್ಕೆ ಒಂದು ಕಾರಣ ಬೇಕಲ್ಲ, ಅದನ್ನು ನಾನು ಇವತ್ತು ಬೆಳಿಗ್ಗೆ ಮಾಡಿ ಮುಗಿಸಿ ಬಂದಿದ್ದೇನೆ. ಜನರ ಬೈಗುಳ ತಡೆಯಲಾರದೆ ನೀನು ಫೋನು ಆರಿಸಿಟ್ಟು ಪಕ್ಕದೂರಿನ ಗೆಳತಿಯ ಮನೆಯಲ್ಲಿ ಕೂತಿದ್ದೀಯೆಂದು ನಿನ್ನಮ್ಮ ಹೇಳಿದಳು. ಅದಕ್ಕೇ ಜೀಪ್ನಿ ಬಸ್ಸು ಓಡಿಸುವ ಬೆರ್ತೋನ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ. ಅವನು ಓದಿದರೆ ಓದಲಿ, ಇಷ್ಟು ಒಳ್ಳೆಯ ಅಕ್ಷರ ಅವನು ಇನ್ನೆಲ್ಲಿ ನೋಡಿಯಾನು. ಕೊನೆಯ ಹಾಳೆಯನ್ನು ಮಾತ್ರ ಅಂಟು ಹಾಕಿ ಮುಚ್ಚಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಯಾಕೆಂದರೆ ನಾನು ಹೇಳಿದರೆ ರುಚಿ ಬೇರೆ. ದೋಣಿಯ ಔರೆಲ್ಯೊ ತೀರಿಕೊಂಡ. ಮೂವತ್ತು ವರ್ಷ ಈ ಊರಿನ ಜನ, ಹಂದಿ, ಅಕ್ಕಿ ಮೂಟೆ ಎಲ್ಲವನ್ನೂ ಆಚೆ ದ್ವೀಪಕ್ಕೆ ದಾಟಿಸಿದವನು. ಯಾರು ಸತ್ತರೂ ನಮ್ಮ ಮೇಯರ್ ಬಾಲ್ಮಾಸೆಡಾ ಸಾಹೇಬರ ಕಡೆಯಿಂದ ಹೂವಿನ ಚಕ್ರ, ಅಕ್ಕಿ, ಕಾಫಿ, ಬಿಸ್ಕತ್ತಿನ ಡಬ್ಬ, ಅದರ ಮೇಲೊಂದು ಸ್ವಹಸ್ತದ ಪತ್ರ ಹೋಗಲೇಬೇಕು. ಚುನಾವಣೆಯ ಭಾಷಣದಲ್ಲಿ ಅವರು ಎದೆ ಮುಟ್ಟಿಕೊಂಡು ಹೇಳುವುದನ್ನು ನೀನೂ ಕೇಳಿದ್ದೀಯ: "ನಿಮ್ಮ ಕಣ್ಣೀರಿಗೆ ಟೈಪ್ ಮಾಡಿದ ಕಾಗದ ಕಳ್ಸೋನಲ್ಲ ನಾನು." ಅದು ನಿಜವೇ. ಅವರು ಏನನ್ನೂ ಕಳಿಸುವವರಲ್ಲ. ಚಕ್ರದ ರಿಬ್ಬನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಅವರ ಹೆಸರು ಬರೆಯುವವನು ನಾನು, ಪತ್ರ ಬರೆಯುವವನು ನಾನು, ಕೆಳಗೆ ಸಹಿ ಹಾಕುವವನೂ ನಾನು. ಏಳು ವರ್ಷದಿಂದ. ಅವರ 'ಬ'ಗೆ ಅವರು ಹಾಕುವ ಬಾಲ ಸೋತ ಕೋಳಿಯ ಬಾಲದ ಹಾಗಿರುತ್ತದೆ. ನಾನು ಹಾಕಿದ್ದೇ ಮೇಯರ್‌ಗಿರಿಗೆ ಒಪ್ಪುವಂಥದ್ದು.

ಔರೆಲ್ಯೊಗೆ ನೀನು ನಾಲ್ಕು ಸಾಲು ಬರೆದು ಕೊಟ್ಟೆ. ಒಳ್ಳೆಯ ಸಾಲುಗಳೇ. ಸಾವಿರಾರು ಜನರನ್ನು ದಡ ಸೇರಿಸಿದವರು, ದೇವರು ಅವರನ್ನು ತನ್ನ ದಡ ಸೇರಿಸಲಿ, ಇತ್ಯಾದಿ. ಐದನೆಯ ಸಾಲು ನಿನ್ನದಲ್ಲ. "ಆ ದಿನ ನೀವು ಗೇಟಿನವರೆಗೂ ಬಂದು ನನ್ನನ್ನು ಬೀಳ್ಕೊಟ್ಟಿರಿ, ಅದನ್ನು ಬದುಕಿರುವವರೆಗೂ ಮರೆಯಲಾರೆ." ಇದು ನನ್ನದು.

ಔರೆಲ್ಯೊನ ಸೊಸೆ ಆ ಪತ್ರವನ್ನು ಹೆಮ್ಮೆಯಿಂದಲೇ ಫೇಸ್‌ಬುಕ್ಕಿಗೆ ಹಾಕಿದಳು. ಪಾಪ, ಅವಳಿಗೆ ಏನು ಗೊತ್ತು. ಒಂದು ಗಂಟೆ ಎಲ್ಲರೂ ಅಳುವ ಮುಖ, ಕೈಮುಗಿಯುವ ಕೈ ಒತ್ತಿದರು. ಆಮೇಲೆ ಯಾರೋ ಐದನೆಯ ಸಾಲಿಗೆ ಬಂದರು.

ಮೀನಿನ ಸಂತೆಯಲ್ಲಿ ನಾನೇ ನಿಂತು ಕೇಳಿದ್ದು ಇದು. ಒಣಮೀನು ಮಾರುವ ಮುದುಕಿ ತಕ್ಕಡಿ ಕೆಳಗಿಟ್ಟು ಕೇಳಿದಳು, "ಸತ್ತ ಮನೆಯವ್ರು ಬಂದೋರನ್ನ ಗೇಟಿನ ತನಕ ಬಿಟ್ಟು ಬರ್ತಾರಾ? ಬಂದೋನ ಹಿಂದೇನೇ ಇನ್ನೊಂದು ಸಾವು ಹೊರಡಲ್ವಾ? ಈ ಮೇಯರಿಗೆ ಹೆತ್ತವಳು ಏನೂ ಹೇಳ್ಕೊಡ್ಲಿಲ್ವಾ?" ಪಕ್ಕದವಳು ಸಿಗಡಿ ಆರಿಸುತ್ತಲೇ ಉತ್ತರ ಕೊಟ್ಟಳು, "ಹೇಳ್ಕೊಟ್ಟಿದ್ರೂ ಎಲ್ಲಿ ನೆನಪಿರತ್ತೆ ಅಕ್ಕ. ಸಾವಿನ ಮನೇನ ಹೋಟ್ಲು ಅಂದ್ಕೊಂಡಿರ್ತಾರೆ, ಊಟ ಆದ್ಮೇಲೆ ಮಾಲೀಕ್ರು ಬಾಗ್ಲಿಗೆ ಬಂದು ನಗ್ಬೇಕು."

ಇದು ಇಷ್ಟಕ್ಕೇ ನಿಂತಿದ್ದರೆ ಸಾಹೇಬರು ತಪ್ಪಾಯಿತು ಅಂದು ಪಾರಾಗುತ್ತಿದ್ದರು. ಆದರೆ ಸಂಜೆಗೆ ಇನ್ನೊಂದು ಫೋಟೋ ಬಂತು. ಔರೆಲ್ಯೊನ ಹೆಣ ಮನೆಯಲ್ಲಿದ್ದ ಏಳೂ ದಿನ ಸಾಹೇಬರು ಮೂರು ಪ್ರಾಂತ್ಯ ದಾಟಿ ಕೋಳಿ ಪಂದ್ಯದಲ್ಲಿದ್ದರು. ಕಂಕುಳಲ್ಲಿ ಕೆಂಪು ಹುಂಜ, ಇಬ್ಬರೂ ಕ್ಯಾಮೆರಾ ನೋಡಿ ಎದೆ ಉಬ್ಬಿಸಿದ್ದಾರೆ. ಇನ್ನು ಕೇಳಬೇಕೇ. ರೇಡಿಯೋದ ರೂಫೊ ವಿಧವೆಯ ಮನೆಗೇ ಮೈಕು ಹಿಡಿದು ಹೋದ. ಔರೆಲ್ಯೊನ ಹೆಂಡತಿ ತಾರ್ಸಿಲಾ ಒಂದೇ ಮಾತು ಹೇಳಿದಳು, ಮೇಯರು ತನ್ನ ಮನೆಗೆ ಬರಲೇ ಇಲ್ಲ ಅಂತ. ಮಾರನೆಯ ದಿನ ಮನಿಲಾದ ಟೀವಿಯಲ್ಲಿ ಕೋಟು ತೊಟ್ಟ ಮೂವರು ಕೂತು, ನನ್ನ ಅಕ್ಷರವನ್ನು ಗೋಡೆಯಷ್ಟು ದೊಡ್ಡದು ಮಾಡಿ, ಹೋಗದ ಮನೆಯ ಗೇಟನ್ನು ಮರೆಯಲಾರದ ನಾಯಕನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅವರಲ್ಲೊಬ್ಬಳು, ಏನೇ ಇರಲಿ ಅಕ್ಷರ ಮಾತ್ರ ಮುತ್ತಿನ ಹಾಗಿದೆ ಅಂದಳು. ನಿನ್ನಮ್ಮನ ಮುಂದೆ ಪ್ರಮಾಣ ಮಾಡುತ್ತೇನೆ, ಅಂದಳು. ಆರನೇ ಕ್ಲಾಸಿನಲ್ಲಿ ನನ್ನ ಬೆರಳ ಗೆಣ್ಣಿಗೆ ಬಿದಿರು ಕೋಲಲ್ಲಿ ಹೊಡೆದ ಮೇಡಮ್ಮು ಬದುಕಿದ್ದರೆ ಅವತ್ತು ಊರಿಗೆಲ್ಲ ಪಾಯಸ ಹಂಚುತ್ತಿದ್ದರು.

ಆ ಖುಷಿಯಲ್ಲಿ ನಾನು ಎರಡು ದಿನ ಇದ್ದೆ, ಮೆನಾ. ಮುಚ್ಚುಮರೆ ಯಾಕೆ. ಕ್ಷೌರದ ಅಂಗಡಿಯಲ್ಲಿ ಕೂತು, ಅಕ್ಷರ ನೋಡಿದರೆ ಬರೆದವನು ದೊಡ್ಡ ಮನುಷ್ಯನೇ ಇರಬೇಕು ಅಂತ ಬೇರೆಯವರ ಮಾತಿನ ಹಾಗೆ ಹೇಳಿದೆ. ಸಾಹೇಬರು ನಿನ್ನನ್ನು ಕರೆಸಿ ವಿಚಾರಣೆಗೆ ಕೂರಿಸಿದ್ದು ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಸಂಜೆ ನಿನ್ನಮ್ಮ ಬಂದು ಹೊಸಿಲ ಮೇಲೆ ಕೂತಳು. ಒಳಗೆ ಬರಲಿಲ್ಲ. ಬರೆದದ್ದು ಯಾರು ಅಂತ ನಿನ್ನನ್ನು ಮೂರು ಸಲ ಕೇಳಿದರಂತೆ. ರಿಬ್ಬನ್ ಬರೆಯುವ ಮುದುಕನಾ ಅಂತ ಹೆಸರು ಹಿಡಿದೇ ಕೇಳಿದರಂತೆ. ಸಾಹೇಬರಿಗೆ ಗೊತ್ತಿಲ್ಲವೇ ಅದು, ಏಳು ವರ್ಷ ಅವರ ಸಹಿ ಹಾಕಿದವನು ಯಾರು ಅಂತ? ಅವರಿಗೆ ಬೇಕಿದ್ದದ್ದು ನಿನ್ನ ಬಾಯಿ. ನೀನು ಯಾರ ಹೆಸರನ್ನೂ ಕೊಡದಿದ್ದಕ್ಕೆ ಆ ಸೋಮವಾರದ ಕಾಗದ ನಿನ್ನ ಹೆಸರಿಗೇ ತಯಾರಾಯಿತಂತೆ.

"ನಿನ್ನ ಅಕ್ಷರ ಚೆನ್ನಾಗಿದೆ ಡೆನ್ಸಿಯೋ," ಅಂದಳು ನಿನ್ನಮ್ಮ. "ನನ್ನ ಮಗಳ ಹಣೇಲಿ ಅದ್ನೇ ಬರೆದ್ಬಿಟ್ಟೆಯಲ್ಲ."

ಅಷ್ಟು ಹೇಳಿ ಎದ್ದು ಹೋದಳು. ನಾನು ಮಾಡಿಟ್ಟಿದ್ದ ಅನ್ನ ಹಾಗೇ ಉಳಿಯಿತು.

ಇವತ್ತು ಬೆಳಿಗ್ಗೆ ಬಿಳಿ ಅಂಗಿ ಇಸ್ತ್ರಿ ಮಾಡಿ, ಕೂದಲಿಗೆ ಎಣ್ಣೆ ಹಚ್ಚಿ, ನನ್ನ ಮೂರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ರೂಫೊನ ರೇಡಿಯೋ ಕೇಂದ್ರಕ್ಕೆ ಹೋದೆ. ಅಲ್ಲಿ ನಾನು ಮಾಡಿದ್ದು ಕೇಳು. ಬರೆದವನು ನಾನೇ ಅಂದೆ. ರೂಫೊ ನಂಬಲಿಲ್ಲ. ಹಾಗಾದರೆ ಹಾಳೆ ಕೊಡು ಅಂತ ಮೈಕಿನ ಮುಂದೆಯೇ ಸಾಹೇಬರ ಸಹಿ ಹಾಕಲು ಶುರು ಮಾಡಿದೆ. ರೇಡಿಯೋ ಕೇಳುವವರಿಗೆ ಅದು ಹೇಗೆ ಕಾಣಬೇಕು ಹೇಳು. ಪಾಪ ರೂಫೊ ಬಾಕ್ಸಿಂಗ್ ಪಂದ್ಯದವರ ಹಾಗೆ, ಈಗ ಪೆನ್ನು ಎತ್ತಿದರು, ಈಗ ಬಾಲ ಎಳೆಯುತ್ತಿದ್ದಾರೆ ಅಂತ ವರದಿ ಕೊಡತೊಡಗಿದ. ಕೊನೆಗೆ ಕೇಂದ್ರದ ಹುಡುಗಿಯೊಬ್ಬಳು ಮೊಬೈಲು ಹಿಡಿದು ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಮಾಡಿದಳು. ಸಾಹೇಬರ ನಿಜವಾದ ಸಹಿ ಎಡಕ್ಕೆ, ನನ್ನದು ಬಲಕ್ಕೆ. ಮೇಯರದ್ದು ಯಾವುದು ಹೇಳಿ ಅಂತ ಜನರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ನನ್ನದನ್ನು ತೋರಿಸಿದರು. ಸಾಹೇಬರು ಈ ಮುದುಕನ ಮುಖವನ್ನೇ ನೋಡಿಲ್ಲ ಅನ್ನಲು ಫೋನು ಮಾಡಿದ್ದರು, ಇದನ್ನು ಕೇಳಿ ಇಟ್ಟುಬಿಟ್ಟರು.

ಆಗ ರೂಫೊ ಆ ಪ್ರಶ್ನೆ ಕೇಳಿದ. ಅದು ಬರುತ್ತದೆ ಅಂತ ನನಗೆ ಗೊತ್ತಿತ್ತು.

"ಡೆನ್ಸಿಯೋ ಅವ್ರೇ, ಮೇಯರ್ ಹೋಗಿಲ್ಲ. ಸೆಕ್ರೆಟರಿ ಕೊಟ್ಟಿದ್ದು ನಾಲ್ಕೇ ಸಾಲು ಅಂತೀರಿ. ಮತ್ತೆ ಈ ಗೇಟು ಎಲ್ಲಿಂದ ಬಂತು?"

ಪುಟದ ಕೆಳಗೆ ಖಾಲಿ ಜಾಗ ಉಳಿದಿತ್ತು, ಎತ್ತರದವನಿಗೆ ಕುಳ್ಳನ ಚಡ್ಡಿ ತೊಡಿಸಿದ ಹಾಗೆ ಕಾಣುತ್ತಿತ್ತು, ಸಂತನ ಹಬ್ಬದ ಊಟಕ್ಕೆ ಬರೆಯುವ ವಂದನೆ ಪತ್ರದಿಂದ ಒಂದು ಸಾಲು ಎತ್ತಿ ಹಾಕಿದೆ ಅಂದೆ. ಸತ್ತ ಮನೆಯವರು ಯಾರನ್ನೂ ಬೀಳ್ಕೊಡುವುದಿಲ್ಲ ಅನ್ನುವಷ್ಟೂ ತಿಳಿಯದೇ ಅಂತ ಕೇಳಿದ. "ಹಳ್ಳಿ ಸ್ಕೂಲಲ್ಲಿ ಆರನೇ ಕ್ಲಾಸು ಓದಿದೋನಪ್ಪ," ಅಂದೆ. "ಕೈ ಬುದ್ಧಿವಂತ, ತಲೆ ದಡ್ಡ." ಕೇಂದ್ರದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅರವತ್ತಮೂರು ವರ್ಷದಲ್ಲಿ ನಾನು ದಡ್ಡ ಅಂತ ಒಪ್ಪಿಕೊಂಡದ್ದು ಇದೇ ಮೊದಲು, ಅದೂ ಇಡೀ ಪ್ರಾಂತ್ಯ ಕೇಳುವ ಹಾಗೆ. ನಿನ್ನಮ್ಮನಿಗೆ ಹೇಳು, ಅವಳು ನಂಬುವುದಿಲ್ಲ.

ಫಲ ಸಿಕ್ಕಿತು. ಹನ್ನೊಂದು ಗಂಟೆಗೆ ಸಾಹೇಬರ ಕಡೆಯಿಂದ ಹೇಳಿಕೆ ಬಂತು. ಹೊರಗಿನ ಬರಹಗಾರನೊಬ್ಬನ ಅಜ್ಞಾನದಿಂದ ಆದ ಪ್ರಮಾದ, ಕಚೇರಿಯ ಸಿಬ್ಬಂದಿಯದ್ದು ಏನೂ ತಪ್ಪಿಲ್ಲ ಅಂತ ಅದರಲ್ಲಿದೆ. ರೂಫೊ ಅದನ್ನು ಅಚ್ಚು ಹಾಕಿ ಕೊಟ್ಟ, ಇದರ ಜೊತೆಗೇ ಮಡಚಿಟ್ಟಿದ್ದೇನೆ. ಸೋಮವಾರ ಅವರು ಆ ಕಾಗದ ತಂದರೆ ನೀನು ಇದನ್ನು ತೋರಿಸು. ಮಾತಾಡಬೇಡ. ಅವರ ಮಾತಿಗೆ ಅವರದೇ ಮಾತು ಉತ್ತರ. ಆಮೇಲೂ ಜೂನ್‌ನಲ್ಲಿ ಆದೇಶ ಕೊಡದೆ ಸತಾಯಿಸಿದರೆ ರೂಫೊನ ಮೈಕು ಎಲ್ಲಿದೆ ಅಂತ ನನಗೆ ಈಗ ಗೊತ್ತು.

ರಿಬ್ಬನ್ನಿನ ಕೆಲಸ ಇನ್ನು ನನಗಿಲ್ಲ, ಅದು ಸರಿಯೇ. ನೀನು ಅದಕ್ಕೆ ಅಳಬೇಡ. ಮುಂದಿನ ಚುನಾವಣೆಗೆ ನಿಲ್ಲುವ ಡಾಕ್ಟರು ಆಗಲೇ ಆಳು ಕಳಿಸಿದ್ದಾರೆ, ಅವರಿಗೂ ಒಂದು ಒಳ್ಳೆಯ ಸ್ವಹಸ್ತ ಬೇಕಂತೆ. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ. ಸ್ವಲ್ಪ ಕಾಯಿಸಿದರೆ ಬೆಲೆ.

ಮೂರು ಸಲ ಕೇಳಿದರೂ ನೀನು ನನ್ನ ಹೆಸರು ಹೇಳಲಿಲ್ಲ. ಅದರ ಬಗ್ಗೆ ನಾನು ಹೆಚ್ಚು ಬರೆಯಲಾರೆ, ಅಕ್ಷರ ಕೆಡುತ್ತದೆ.

ಏಳು ವರ್ಷದ ಮೇಲೆ ತನ್ನದೇ ಹೆಸರನ್ನು ಸಹಿ ಹಾಕುತ್ತಿರುವ,
ನಿನ್ನ ಮಾವ
ಪ್ರುಡೆನ್ಸಿಯೋ

ತಾ.ಕ.: ಈ ಹಾಳೆ ಓದಿ ಒಲೆಗೆ ಹಾಕು. ಪುಟದ ಕೆಳಗೆ ಜಾಗ ಉಳಿದಿತ್ತು ಅನ್ನುವುದು ಸುಳ್ಳು. ಇರಲೇ ಇಲ್ಲ, ಅಕ್ಷರ ಸಣ್ಣದು ಮಾಡಿ ತುರುಕಿದೆ. ಔರೆಲ್ಯೊ ಸತ್ತ ಮೂರನೆಯ ದಿನ ಮಧ್ಯಾಹ್ನ, ಹೆಣ ಕಾಯಲು ಬಂದು ಇಸ್ಪೀಟು ಆಡುವವರೂ ಮೇಜಿಗೆ ತಲೆಯಿಟ್ಟು ತೂಕಡಿಸುವ ಹೊತ್ತಿನಲ್ಲಿ, ನಾನು ಆ ಮನೆಗೆ ಹೋಗಿದ್ದೆ. ಶವಪೆಟ್ಟಿಗೆಯ ಹತ್ತಿರ ಕೂತು ಕಾಫಿ ಕುಡಿದು, ಪದ್ಧತಿಯಂತೆ ಬರುತ್ತೇನೆ ಅಂತ ಹೇಳದೆ ಎದ್ದೆ. ತಾರ್ಸಿಲಾ ಹಿಂದೆಯೇ ಬಂದಳು. ಒಳಗೆ ಹೋಗು, ನೀನು ಗೇಟಿನ ತನಕ ಬರಬಾರದು ಅಂತ ನಾನು ಪಿಸುಗುಟ್ಟಿದೆ. "ನೀನು ಮನಿಲಾಗೆ ಹೊರಟ ದಿನ ಅಪ್ಪ ನನ್ನ ರೂಮಿಗೆ ಹಾಕಿ ಬೀಗ ಹಾಕಿದ್ರು," ಅಂದಳು. "ನಲವತ್ತೊಂದು ವರ್ಷ ಆಯ್ತು ಡೆನ್ಸಿಯೋ. ಇವತ್ತು ನನ್ನ ತಡಿಯೋರು ಯಾರೂ ಇಲ್ಲ." ನಾನು ತಿರುವು ದಾಟುವ ತನಕ ಗೇಟು ಹಿಡಿದು ನಿಂತಿದ್ದಳು. ಗಂಡನನ್ನು ಇನ್ನೂ ಮಣ್ಣು ಮಾಡದವಳಿಗೆ ನನ್ನ ಹೆಸರಿನಲ್ಲಿ ವಂದನೆ ಬರೆಯಲು ಸಾಧ್ಯವೇ, ನೀನೇ ಹೇಳು. ಸಾಹೇಬರ ಸಹಿ ಹೇಗೂ ಕೈಯಲ್ಲಿತ್ತು. ಪುರಸಭೆಯವರು ನಿನ್ನೆ ಆ ಪತ್ರ ವಾಪಸು ತರಲು ಹೋಗಿದ್ದರಂತೆ. ಬೆರ್ತೋ ಅಲ್ಲೇ ಇದ್ದ. ಸೊಸೆ ಕೊಡಲು ಎದ್ದಳಂತೆ, ತಾರ್ಸಿಲಾ ಅವಳ ಕೈಯಿಂದ ಕಿತ್ತುಕೊಂಡು ಹೇಳಿದಳಂತೆ, "ಹೂವಿನ ಚಕ್ರ ತಗೊಂಡ್ಹೋಗಿ, ಅಕ್ಕಿ ಬೇಕಿದ್ರೆ ಅದ್ನೂ ತಗೊಂಡ್ಹೋಗಿ. ಕಾಗದ ನಂದು."