ಇಪ್ಪತ್ತು ಸೈನಿಕರ ಮೇಲಂಗಿ

ಮನೆಯಿಂದ, ನಮ್ಮ ಇರುವೆಯ ಮೇಜಿನ ಮುಂದೆ ಕೂತು
ಹದಿನೆಂಟನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ನಿಮಗೆ,

ಸೊಂಟದ ನೋವು ಹೇಗಿದೆ? ಬೆಲ್ಟ್ ಇಲ್ಲೇ ಬಾಗಿಲ ಹಿಂದೆ ನೇತಾಡುತ್ತಿದೆ. ಅದಿಲ್ಲದೆ ಆ ಎತ್ತರದ ಕಟ್ಟಡಗಳಲ್ಲಿ ಲಿಫ್ಟಿನ ಕಬ್ಬಿಣ ಎತ್ತಬೇಡಿ, ಜೊತೆಯವರಿಗೆ ಹೇಳಿ. ನೀವು ಹೇಳುವವರಲ್ಲ ಎಂದು ಗೊತ್ತು, ಆದರೂ ಬರೆದೆ. ನನಗೆ ಆರಾಮು. ಕಣ್ಣಿಗೆ ಹೊಸ ಕನ್ನಡಕ ಬಂದಿದೆ. ಫೋನಿನಲ್ಲಿ "ಊಟ ಆಯ್ತಾ" ಅಂದರೆ "ಆಯ್ತು" ಅನ್ನುತ್ತೀರಿ, ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತದೆ. ನಾಲ್ಕು ತಿಂಗಳಿಂದ ಇದೇ ಆಗಿದೆ. ಅದಕ್ಕೇ ಈ ಕಾಗದ.

ನಾನು ಇರುವೆಯ ಕೋಣೆಯ ಬಾಗಿಲು ತೆಗೆದೆ. ಕೋಪ ಮಾಡಿಕೊಳ್ಳಬೇಡಿ. ಇರುವೆ ಇರುವೆ ಎಂದು ಕರೆದು ಸಾಕಿದ ಮಗಳು ತೀರಿಹೋದ ಮೇಲೆ ನೀವೇ ಹಾಕಿದ ಬಾಗಿಲು ಅದು. ನಿಮ್ಮನ್ನು ಕೇಳದೆ ತೆಗೆಯಬಾರದು ಎಂದೇ ಇದ್ದೆ. ಆದರೆ ಮೂರು ವಾರದ ಹಿಂದೆ ಆಟದಂಗಡಿಯ ಗಡ್ಡದ ಮಾಮ ಬಂದಿದ್ದರು. ಹೊಲಿಯಲು ಬಟ್ಟೆ ತಂದಿರಬೇಕು ಅಂದುಕೊಂಡು ಟೇಪು ಕೊರಳಿಗೆ ಹಾಕಿಕೊಂಡು ಹೊರಗೆ ಬಂದರೆ, ಅವರ ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಬಣ್ಣದ ಬಾಟಲಿ. "ನಿಮ್ಮ ಮಗಳು ತರಿಸೋಕೆ ಹೇಳಿದ್ದಳಮ್ಮ, ಈಗ ಬಂತು. ಬೇರೆ ಯಾರಿಗೂ ಕೊಡೋಕೆ ಮನಸ್ಸಾಗಲಿಲ್ಲ" ಅಂದರು. ಕೂತು ನೀರು ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ಹದಿನೇಳಕ್ಕೆ ಅಂಗಡಿಯಲ್ಲಿ ಗೊಂಬೆ ಸೈನಿಕರ ಆಟದ ಪಂದ್ಯ ಇದೆ, ಅವಳ ಮೂವರು ಗೆಳತಿಯರು ನಾಲ್ಕನೆಯವಳ ಜಾಗಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಒಪ್ಪುತ್ತಿಲ್ಲ ಅಂದರು. ಅಷ್ಟೇ. ನನ್ನನ್ನು ಏನೂ ಕೇಳಲಿಲ್ಲ.

ಒಳಗೆ ಎಲ್ಲವೂ ಅವಳು ಬಿಟ್ಟಂತೆಯೇ ಇತ್ತು. ಬೆರಳ ಗೆಣ್ಣಿನೆತ್ತರದ ಇಪ್ಪತ್ತು ಪ್ಲಾಸ್ಟಿಕ್ ಸೈನಿಕರು, ಒಬ್ಬೊಬ್ಬನೂ ಒಂದೊಂದು ಬಾಟಲಿ ಮುಚ್ಚಳದ ಮೇಲೆ ಅಂಟಿಕೊಂಡು ನಿಂತಿದ್ದರು. ಎಲ್ಲರಿಗೂ ಬೂಟಿನ ಬಣ್ಣ ಆಗಿತ್ತು, ಕತ್ತಿಯದೂ ಆಗಿತ್ತು. ಮೇಲಂಗಿ ಯಾರಿಗೂ ಆಗಿರಲಿಲ್ಲ, ಮುಖವೂ ಇಲ್ಲ. ಒಬ್ಬನಾದರೂ ಪೂರ್ತಿಯಾಗಿದ್ದರೆ ಅವನನ್ನು ಎದೆಗೆ ಒತ್ತಿಕೊಂಡು ಅತ್ತು ಬಾಗಿಲು ಹಾಕಿ ಬರುತ್ತಿದ್ದೆನೇನೋ. ನೀವು ಅಪ್ಪ ಮಗಳು ಎಂದೂ ಒಬ್ಬನನ್ನೇ ಕೂರಿಸಿಕೊಂಡು ಮುಗಿಸಿದವರಲ್ಲವಲ್ಲ. ಒಂದು ಬಣ್ಣ ಹಿಡಿದರೆ ಇಪ್ಪತ್ತಕ್ಕೂ ಅದೇ, ಆಮೇಲೆ ಇನ್ನೊಂದು. ನಾನೂ ಶಾಲೆಯ ಅಂಗಿಗಳನ್ನು ಹಾಗೇ ಹೊಲಿಯುವವಳು, ಮೊದಲು ಎಲ್ಲದರ ಕಾಲರು, ಆಮೇಲೆ ಎಲ್ಲದರ ತೋಳು. ಈ ಮಾತು ಅವಳ ಹತ್ತಿರ ಒಮ್ಮೆಯೂ ಆಡಲಿಲ್ಲ. ಪ್ರತಿ ಭಾನುವಾರ ನೀವಿಬ್ಬರೂ ಈ ಮೇಜಿಗೆ ತಲೆಗೆ ತಲೆ ಕೊಟ್ಟು ಕೂತಾಗ ಹೊಸ್ತಿಲಲ್ಲಿ ನಿಂತು "ಆಯ್ತಾ ನಿಮ್ಮ ಗೊಂಬೆ ಕೆಲಸ" ಅನ್ನುತ್ತಿದ್ದೆ. ಅವಳು ತಲೆ ಎತ್ತದೆ "ಇಲ್ಲ ಕಣಮ್ಮ, ಇನ್ನೂ ಹದಿನಾರು ಕಾಲಿದೆ" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಒಳಗೆ ಬರುತ್ತಿರಲಿಲ್ಲ.

ಅವಳ ನೋಟ್ ಪುಸ್ತಕ ಸಿಕ್ಕಿತು. ಯಾವುದಾದ ಮೇಲೆ ಯಾವುದು, ಎಷ್ಟು ನೀರು, ಯಾವ ಕುಂಚ, ಎಲ್ಲಾ ಬರೆದಿದ್ದಾಳೆ. ಪಕ್ಕದಲ್ಲಿ ತನಗೆ ತಾನೇ ಬುದ್ಧಿ ಹೇಳಿಕೊಂಡಿದ್ದಾಳೆ. "ಬಣ್ಣ ಹಾಲಿನಷ್ಟು ತೆಳುವಿರಲಿ, ಮೊಸರಾದರೆ ಮುಖ ಮುಚ್ಚಿಹೋಗುತ್ತೆ." "ಹದಿಮೂರನೆಯವನ ಹತ್ತಿರ ಬೇಜಾರು ಬರುತ್ತೆ, ಎದ್ದು ನೀರು ಕುಡಿ." "ಒಬ್ಬನನ್ನೇ ಮುಗಿಸಿಬಿಡೋ ಆಸೆ ಬಂದರೆ ಕೈ ಕಟ್ಟಿ ಕೂರು." ಹತ್ತೊಂಬತ್ತು ವರ್ಷ ನನ್ನ ಜೊತೆಗಿದ್ದವಳು ಇಷ್ಟು ತಾಳ್ಮೆಯವಳು ಎಂದು ನನಗೆ ತಿಳಿದದ್ದು ಆ ಪುಸ್ತಕದಿಂದ. ನನ್ನ ಹತ್ತಿರ ಅವಳು ಬರೀ ಅವಸರದವಳು. ಬಾಗಿಲು ದಡಾರನೆ ಹಾಕುವವಳು.

ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ಹೊಲಿಗೆ ಅಂಗಡಿ ಮುಚ್ಚಿ ಈ ಮೇಜಿಗೆ ಕೂರತೊಡಗಿದೆ. ಮೊದಲನೆಯವನ ಮೇಲಂಗಿಗೆ ಕೆಂಪು ಬಣ್ಣ ಮೊಸರೇ ಆಯಿತು. ಸೂಜಿಮೊನೆಯಿಂದ ಕೆರೆದು ತೆಗೆಯಬೇಕಾಯಿತು. ನಾಲ್ಕನೆಯವನ ಹೊತ್ತಿಗೆ ಕೈ ಹದಕ್ಕೆ ಬಂತು. ಇಪ್ಪತ್ತನೆಯವನಿಗೆ ಹಚ್ಚುವಷ್ಟರಲ್ಲಿ ಮೊದಲನೆಯವನು ಒಣಗಿ ಕಾಯುತ್ತಿರುತ್ತಾನೆ, ಆದ್ದರಿಂದ ಕೈಗೆ ಬಿಡುವೇ ಇಲ್ಲ, ಯೋಚನೆಗೆ ಹೊತ್ತೂ ಇಲ್ಲ. ನೀವು ಯಾಕೆ ಅಷ್ಟು ಹೊತ್ತು ಕೂರುತ್ತಿದ್ದಿರಿ ಎಂದು ಆಗ ಅರ್ಥವಾಯಿತು. ಗಡ್ಡದ ಮಾಮ ತಂದ ಬಾಟಲಿಯಲ್ಲಿ ಶಾಯಿಯಂಥ ಕಂದು ನೀರಿತ್ತು. ಅದನ್ನು ಮೇಲಂಗಿಗೆ ಸವರಿದರೆ ತಾನಾಗಿ ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಬಟ್ಟೆ ಬಟ್ಟೆಯಂತೆ ಬಿದ್ದದ್ದನ್ನು ಕಂಡು, ಮೂವತ್ತು ವರ್ಷ ಬಟ್ಟೆ ಹೊಲಿದವಳು, ಬೆರಗಾದೆ. "ನೋಡೇ ಇರುವೆ" ಅಂದುಬಿಟ್ಟೆ, ಗಟ್ಟಿಯಾಗಿಯೇ. ಆಮೇಲೆ ಅವತ್ತು ಕೆಲಸ ಸಾಗಲಿಲ್ಲ.

ಮುಖಗಳನ್ನೂ ನಾನೇ ಬರೆದೆ. ಕಣ್ಣು ಯಾವಾಗಲೂ ನಿಮ್ಮ ಪಾಲಿನದು ಎಂದು ಗೊತ್ತಿತ್ತು. ನಿಮಗೆ ಫೋನ್ ಮಾಡಿ ಬನ್ನಿ ಅನ್ನೋಣ ಅಂತ ಎರಡು ಸಲ ನಂಬರು ಒತ್ತಿದೆ. ಬರಲಾರೆ ಅಂದರೆ ಏನು ಮಾಡಲಿ ಎಂದು ಹೆದರಿ ಇಟ್ಟುಬಿಟ್ಟೆ. ಹಾಗಾಗಿ ಕೆಲವರಿಗೆ ಮೆಳ್ಳೆಗಣ್ಣು ಬಂದಿದೆ.

ನಿನ್ನೆ ಅವರನ್ನೆಲ್ಲ ಗುಂಡಿ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ ಆಟದಂಗಡಿಗೆ ಒಯ್ದೆ. ಮೂವರು ಗೆಳತಿಯರೂ ಎದ್ದು ನಿಂತರು. ಒಬ್ಬಳು ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಇರುವೆಯ ಸರದಿ ಬಂದಾಗಲೆಲ್ಲ ದಾಳ ನನ್ನ ಕೈಗೆ ಕೊಟ್ಟರು. ನನಗೆ ಆಟ ಗೊತ್ತಿಲ್ಲ, ಎಸೆದೆ ಅಷ್ಟೇ. ಆಡಿದ್ದು ಒಂದು ಗಂಟೆಯೂ ಇಲ್ಲ, ನಮ್ಮ ಇಪ್ಪತ್ತೂ ಜನ ಸತ್ತರು, ತಂಡ ಸೋತಿತು. "ಅವಳಿದ್ದರೂ ಹೀಗೇ ಮುನ್ನುಗ್ಗಿ ಸೋಲಿಸುತ್ತಿದ್ದಳು ಆಂಟಿ" ಅಂತ ಒಬ್ಬಳು ನಗಿಸಲು ನೋಡಿದಳು. ಎಲ್ಲರೂ ನಕ್ಕೆವು. ಆಮೇಲೆ ನಗಿಸಿದವಳೇ ಅಂಗಡಿಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ನಾನು ಹೋಗಿ ಅವಳ ಬೆನ್ನು ಸವರುತ್ತಾ ಇದ್ದೆ. ನಮ್ಮ ಮಗಳ ಬೆನ್ನು ಹಾಗೆ ಸವರಿ ಎಷ್ಟು ವರ್ಷವಾಗಿತ್ತೋ.

ಹೊತ್ತಿಗೆ ಸರಿಯಾಗಿ ಉಣ್ಣಿ. ಬೆಲ್ಟನ್ನು ನಾಳೆ ಕೊರಿಯರ್ ಮಾಡುತ್ತೇನೆ, ಈ ಕಾಗದ ಅದರ ಜೊತೆಗೇ ಬರುತ್ತದೆ. ನೀವು ಎಲ್ಲಿದ್ದರೂ ಚೆನ್ನಾಗಿರಿ ಎಂದು ಬೇಡಿಕೊಳ್ಳುವ,

ನಿಮ್ಮವಳು

ಇನ್ನೊಂದು ಮಾತು ಉಳಿದಿದೆ, ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ನಿಮಗೆ "ನಿಮ್ಮ ಕೆಂಪು ಬಣ್ಣ ತರೋಕೆ ಹೋಗಿ ಸತ್ತಳು" ಅಂದೆ. ನೀವು ಅದನ್ನು ಹೊತ್ತುಕೊಂಡು ಊರು ಬಿಟ್ಟಿರಿ. ಕೆಂಪು ಬಣ್ಣವನ್ನು ಅವಳು ಹಿಂದಿನ ದಿನವೇ ತಂದಿದ್ದಳು ರೀ. ಡ್ರಾಯರಿನಲ್ಲಿ ಸೀಲು ಒಡೆಯದೆ ಇತ್ತು. ಆ ಸಂಜೆ ಅವಳನ್ನು ಸೈಕಲ್ಲಿನಲ್ಲಿ ಕಳಿಸಿದವಳು ನಾನು. ಗಿರಾಕಿ ಕಾಯುತ್ತಿದ್ದಾರೆ, ಒಂದು ಕಪ್ಪು ಜಿಪ್ಪು ತಾರೇ, ಬೇಗ ಬಾ ಅಂದಿದ್ದೆ. ಕಾರಿಡಾರಿನಲ್ಲಿ ಆ ಮಾತು ಆಡುವಾಗಲೂ ನನಗೆ ಇದು ಗೊತ್ತಿತ್ತು. ನಿಮ್ಮದಲ್ಲ ತಪ್ಪು. ಇದನ್ನು ಓದಿ ನೀವು ಬರದಿದ್ದರೂ ಸರಿಯೇ, ಅದನ್ನು ಮಾತ್ರ ಇನ್ನು ಹೊರಬೇಡಿ.