ಮೊಳಕೆ ಒಡೆದ ತೆನೆಯ ಕಾಣಿಕೆ

ನನ್ನ ಅವ್ವಾ,

ಪ್ರತಿ ವರ್ಷ ಚರ್ಚಿನ ಸುಗ್ಗಿ ಆರಾಧನೆಯ ಹಿಂದಿನ ದಿನ ನೀನು ಸಜ್ಜೆ ಹೊಲದಲ್ಲಿ ತೆನೆ ತೆನೆ ಮುಟ್ಟಿ ನೋಡುತ್ತಾ ಹೋಗುತ್ತಿದ್ದೆ. ಹಿಂದೆ ಬರುವ ನನಗೆ ಕಾಲು ಸೋಲುತ್ತಿತ್ತು. "ದೇವ್ರ ಮುಂದ ಇಡಾದು, ಚಲೋದೇ ಇರ್ಬೇಕು" ಎನ್ನುತ್ತಿದ್ದೆ ನೀನು. ಈ ವರ್ಷ ಏನು ಆರಿಸುತ್ತಿದ್ದೆ, ಹೇಳು? ಬಿತ್ತುವಾಗ ಕೈಕೊಟ್ಟ ಮಳೆ ಕೊಯ್ಯುವ ಹೊತ್ತಿಗೆ ಎಲ್ಲ ಸೇರಿಸಿ ಸುರಿಯಿತು. ಹೊಳೆ ಉಕ್ಕಿ ಭೀಮೆ ಹೊಲದಲ್ಲೇ ಬಂದು ನಿಂತಳು. ಮಲಗಿದ ಸಜ್ಜೆಯ ತೆನೆಯಲ್ಲೇ ಕಾಳು ಮೊಳಕೆ ಒಡೆಯಿತು. ದೂರದ ಕಾರ್ಖಾನೆಯವರ ಹೊಗೆಗೆ ಭೂಮಿ ಕಾದು ಮಳೆ ದಾರಿ ತಪ್ಪಿದೆ ಎಂದು ನಮ್ಮ ಪಾಸ್ಟರ್ ಅಯ್ಯನವರು ಪ್ರಸಂಗದಲ್ಲಿ ಹೇಳಿದರು. ನೀನು ಹೆಸರು ಹಿಡಿದು ಕರೆಯುತ್ತಿದ್ದ ಮಳೆಗಳು ಈಗ ಹೊತ್ತಿಗೆ ಬರುವುದಿಲ್ಲ.

ಹೊಳೆದಂಡೆಯ ಓಣಿಗೆ ನೀರು ನುಗ್ಗಿದ ದಿನ ಅಲ್ಲಿನವರು ಉಳಿಯಲೆಂದು ನಾನೇ ಚರ್ಚಿನ ಬಾಗಿಲು ತೆರೆದೆ. ಯಾರನ್ನೂ ಕೇಳಲಿಲ್ಲ. ಆ ಓಣಿಯ ಗುರುಬಸಮ್ಮಾಯಿ ಮರುದಿನ ಬೆಳಿಗ್ಗೆ ಕೊರಳಿನ ಲಿಂಗ ಕೈಗೆ ತೆಗೆದುಕೊಂಡು ಕೂತವಳು, "ಮನಿ ಜೋಡಿ ಈಬತ್ತಿನೂ ಹೋತವಾ" ಎಂದಳು. ದೋರನಹಳ್ಳಿಗೆ ಹೋಗಿ ವಿಭೂತಿ ಗಟ್ಟಿ ತಂದೆ. ನಾನು ಚರ್ಚಿನವಳೆಂದು ಬಲ್ಲ ಅಂಗಡಿಯವನು ನನ್ನನ್ನೇ ನೋಡಿದ. "ನಿನಗ್ಯಾಕಬೇ ಇದು?" ನೀನಿದ್ದಿದ್ದರೆ ನಗುತ್ತಿದ್ದೆ.

ಆಮೇಲೆ ಒಂದು ದಿನ ಶಹಾಪುರದ ಕಡೆಯಿಂದ ಬೈಕಿನಲ್ಲಿ ಕೆಲವರು ಬಂದರು. ಮೊಬೈಲ್ ಮುಂದೆ ಹಿಡಿದು, "ಅನ್ನ ಹಾಕಿ ಜಾತಿ ಕೆಡಸಾಕತ್ತೀರೇನು?" ಎಂದರು. ಹೆದರಿಕೆಯಾಯಿತು ಅವ್ವಾ, ಸುಳ್ಳೇಕೆ. ಗುರುಬಸಮ್ಮಾಯಿ ಎದ್ದು ಬಂದಳು. "ಲಿಂಗ ನನ್ನ ಕೊಳ್ಳಾಗೇ ಅದ. ಈಬತ್ತಿ ಈಕಿ ತಂದಾಳ. ನೀವೇನ್ ತಂದೀರಿ?" ಅವರು ಹೋದರು, ಆದರೆ ವಿಡಿಯೋ ಊರೂರು ಸುತ್ತಿತು. ಸಂಜೆ ಅಯ್ಯನವರು ಮುಖ ಸಣ್ಣದು ಮಾಡಿಕೊಂಡು ಬಂದರು.

"ನಮ್ಮ ಸಭಾದ ಮೇಲಿನವ್ರು ಫೋನ್ ಮಾಡ್ಯಾರ, ಸುವಾರ್ತಮ್ಮ. ಸುಗ್ಗಿ ಆರಾಧನಿ ಬರೂದ್ರೊಳಗ ಇವ್ರನ್ನ ಬ್ಯಾರೆ ಕಡಿ ಕಳಸ್ರಿ ಅಂದಾರ. ಗದ್ದಲ ಆದ್ರ ಯಾರು ಜವಾಬ್ದಾರಿ?"

"ಮನಿ ಗ್ವಾಡಿ ಬಿದ್ದಾವ್ರಿ ಅಯ್ಯನೋರ. ಎಲ್ಲಿಗಿ ಹೋಗ್ತಾರ?"

"ಹಂಗಾದ್ರ ಆರಾಧನಿನೇ ಬ್ಯಾಡ. ಇಡಾಕರ ಏನದ ಈ ವರ್ಷ?"

ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ್ದರು. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಏನದ ಅಂದರೆ...

ಸುಗ್ಗಿ ಬೇಡವೆಂದರೂ ಭಾನುವಾರದ ಪ್ರಾರ್ಥನೆ ನಿಲ್ಲಿಸುವಂತಿರಲಿಲ್ಲ. ಅಂದು ಹೊಲಕ್ಕೆ ಹೋಗಿ, ಆರಿಸದೆ, ಕೈಗೆ ಸಿಕ್ಕ ತೆನೆಗಳನ್ನು ಕಿತ್ತು ತಂದು ದೇವರ ಮುಂದೆ ಇಟ್ಟೆ. ಕೆಸರು ಸೋರುತ್ತಿತ್ತು. ನನ್ನ ಹಿಂದೆ ಇನ್ನೊಬ್ಬಳು ಕಪ್ಪಾದ ಹತ್ತಿ ತಂದಳು, ಮತ್ತೊಬ್ಬರು ಕೊಳೆತ ಶೇಂಗಾ. ಹೊಳೆದಂಡೆಯವರು ಹಾಸಿಗೆ ಸುತ್ತಿಟ್ಟು ನಮ್ಮ ನಡುವೆಯೇ ಕೂತಿದ್ದರು. ಅಯ್ಯನವರು "ತಂದೆಯೇ, ನಿನಗೆ ಸ್ತೋತ್ರ" ಎಂದವರು ಬಾಗಿ ಆ ತೆನೆ ಕೈಗೆತ್ತಿಕೊಂಡರು. ನಾನು ಎದ್ದೆ.

"ತಂದೀ, ನಾವು ಬೆಳದದ್ದು ಇದೇ, ನೋಡು. ಹೊಗಿ ಬಿಟ್ಟವ್ರು ಎಲ್ಲೋ ಅದಾರ. ನೀರು ನಮ್ಮ ಮನಿಗ್ಯಾಕ ಬಂತು? ಸ್ತೋತ್ರ ಆಮ್ಯಾಲ. ಮೊದ್ಲು ಇದಕ್ಕ ಉತ್ತರ ಹೇಳು."

ಯಾರೂ ನನ್ನನ್ನು ಕೂರಿಸಲಿಲ್ಲ. ದೇವರ ಮುಂದೆ ಹೀಗೆ ಮಾತಾಡಬಹುದೇ ಅಂತೀಯಾ? ನೀನೂ ಅಪ್ಪ ಸತ್ತಾಗ ಹೀಗೇ ಕೇಳಿದ್ದೆಯಲ್ಲ, ಒಲೆಯ ಮುಂದೆ. ಆರಾಧನೆ ಮುಗಿದ ಮೇಲೆ ಅಯ್ಯನವರು ಎಲ್ಲರೆದುರೇ ಮೇಲಿನವರಿಗೆ ಫೋನ್ ಹಚ್ಚಿದರು. "ಯಾರ್ನೂ ಕಳಸಂಗಿಲ್ರಿ. ಆರಾಧನಿ ಇವ್ರ ಜೋಡಿನೇ ಆಗ್ಯದ" ಎಂದರು.

ಅವ್ವಾ, ನೀನು ಈಗ ದೇವರ ಹತ್ತಿರವೇ ಇದ್ದೀಯ. ನಾನು ಕೇಳಿದ್ದು ಆತನಿಗೆ ಮುಟ್ಟಿತೋ ಇಲ್ಲವೋ ನೋಡು. ಉತ್ತರ ಬರುವ ತನಕ ನಾನು ಚರ್ಚಿನ ಈ ಬಾಗಿಲು ಹಾಕುವುದಿಲ್ಲ.

ನಿನ್ನ,
ಸುವಾರ್ತಿ